ಬೀಗ ಹಾಕಿ ಊರಿಗೆ ಹೊರಡುವ ಮುನ್ನ

ಮೇ ತಿಂಗಳು ಬಂತೆಂದರೆ ಮುಂಬಯಿ ಕನ್ನಡಿಗರಾದ ನಾವು ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತೇವೆ. ಮಕ್ಕಳಿಗೆ ರಜೆ, ಊರಲ್ಲಿ ಮದುವೆ, ನೇಮ, ಬ್ರಹ್ಮಕಲಶ. ಇಲ್ಲಿನ ಮನೆಗೆ ದೊಡ್ಡದೊಂದು ಬೀಗ. ನೀವು ಮನೆಯಲ್ಲಿಲ್ಲವೆಂದು ಕಳ್ಳನಿಗೆ ಯಾರೂ ಹೇಳಬೇಕಾಗಿಲ್ಲ, ಬಾಗಿಲ ಮುಂದೆ ರಾಶಿ ಬಿದ್ದ ಪೇಪರುಗಳೇ ಹೇಳುತ್ತವೆ.

ಚಾಳಿನಲ್ಲಿ ಬೆಳೆದವರಿಗೆ ನೆನಪಿರಬಹುದು. ಸಾಲು ಖೋಲಿಗಳು, ಮುಂದೆ ಉದ್ದದ ಗ್ಯಾಲರಿ, ಹಗಲೆಲ್ಲ ತೆರೆದ ಬಾಗಿಲು. ಹೊಸ ಮುಖ ಮೆಟ್ಟಿಲು ಹತ್ತಿದರೆ ಅಕ್ಕಿ ಆರಿಸುತ್ತಿದ್ದ ಆಜಿಯೊಬ್ಬಳು "ಕೋಣ್ ಪಾಹಿಜೇ?" ಎಂದು ಗದರಿದರೆ ಸಾಕಾಗಿತ್ತು. ನಾವು ಫ್ಲಾಟುಗಳಿಗೆ ಬಂದೆವು, ಆಜಿಯ ಜಾಗದಲ್ಲಿ ಕ್ಯಾಮರಾ ಬಂತು.

ಕೆಲ ವರ್ಷಗಳ ಹಿಂದೆ ನಮ್ಮ ಸೊಸೈಟಿಯಲ್ಲಿ ಹಾಡಹಗಲೇ ಕಳವಾಯಿತು. ಚೀಲ ಹಿಡಿದವನ ಮುಖ ಕ್ಯಾಮರಾದಲ್ಲಿ ಸ್ಪಷ್ಟವಾಗಿಯೇ ಇತ್ತು. ಲಿಫ್ಟಿನಲ್ಲಿ ಅವನ ಜೊತೆ ಮೂವರು ನಿವಾಸಿಗಳೂ ಇದ್ದರು. ಪ್ರತಿಯೊಬ್ಬರೂ ಅವನನ್ನು ಇನ್ನೊಬ್ಬರ ಮನೆಯ ನೆಂಟನೆಂದು ತಿಳಿದಿದ್ದರು. ಆ ಮೂವರಲ್ಲಿ ನಾನೂ ಒಬ್ಬ.

ಪರಿಚಯಕ್ಕಿಂತ ದೊಡ್ಡ ಕಾವಲಿಲ್ಲವೆಂದು ಮಾಡಿ ತೋರಿಸಿದ ಪಟ್ಟಣ ನಮಗೆ ಹತ್ತಿರದಲ್ಲೇ ಇದೆ. ವಿದ್ಯುತ್ ಮಗ್ಗಗಳ ಭಿವಂಡಿ 1970 ಮತ್ತು 1984ರ ಗಲಭೆಗಳಲ್ಲಿ ಬೆಂದ ಊರು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಸುಮಾರು 70 ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಪುಢಾರಿಗಳಿಗಲ್ಲ, ಹಿಂದೂ ಮುಸ್ಲಿಂ ಎರಡೂ ಕಡೆಯ ಸಾಮಾನ್ಯರಿಗೆ ಅಲ್ಲಿ ಜಾಗ. ಪೊಲೀಸರ ಮುಂದೆ ಕೂತು ಮೋರಿ, ನಲ್ಲಿ, ಗಲ್ಲಿಯ ಜಗಳಗಳನ್ನು ಮಾತಾಡಿಕೊಳ್ಳುವುದೇ ಕೆಲಸ. 1992ರ ಡಿಸೆಂಬರಿನಲ್ಲಿ ಮುಂಬಯಿ ಹೊತ್ತಿ ಉರಿಯುತ್ತಿದ್ದಾಗ ಭಿವಂಡಿ ಶಾಂತವಾಗಿತ್ತು. ಆಮೇಲೆ ಜೂಲಿಯೊ ರಿಬೇರೊ, ಸತೀಶ್ ಸಾಹ್ನಿ, ಸುಶೋಭಾ ಬರ್ವೆ ಮುಂತಾದವರು ಮುಂಬಯಿಯಲ್ಲೂ ಇಂಥ ಸಮಿತಿಗಳನ್ನು ಬೆಳೆಸಿದರು.

ಗಲಭೆಗೂ ಮನೆಗಳ್ಳತನಕ್ಕೂ ಏನು ಸಂಬಂಧ ಎನ್ನುತ್ತೀರಾ? ಚೌಕಿಯ ಪೇದೆಯ ಹೆಸರು ನಿಮಗೆ, ನಿಮ್ಮ ಹೆಸರು ಅವರಿಗೆ ಗೊತ್ತಿದ್ದರೆ ಎರಡೂ ಕಡೆ ಕೆಲಸಕ್ಕೆ ಬರುತ್ತದೆ. ನಮ್ಮ ಕಳವಿನ ನಂತರ ನಾವು ಮಾಡಿದ್ದೂ ಇಷ್ಟೇ. ತಿಂಗಳಿಗೊಂದು ಭಾನುವಾರ ಗಚ್ಚಿಯ ಮೇಲೆ ಚಹಾ. ಊರಿಗೆ ಹೋಗುವವರು ಪಕ್ಕದವರಿಗೆ ಹೇಳಿ, ಪೇಪರು ಹಾಲು ನಿಲ್ಲಿಸಿ ಹೋಗಬೇಕು. ವಾಚ್‌ಮನ್ ಒದಗಿಸುವ ಸಂಸ್ಥೆಗೆ 2005ರ ಕಾಯ್ದೆಯಂತೆ ಪರವಾನಗಿ ಇದೆಯೇ ಎಂದು ನೋಡಿದೆವು. ಆ ವಾಚ್‌ಮನ್ನನ ಹೆಸರನ್ನೂ ಕೇಳಿದೆವು, ನಾಲ್ಕು ವರ್ಷ ಆತನಿಗೆ ಸಲಾಂ ಹೊಡೆಸಿಕೊಂಡ ಮೇಲೆ! ಆದರೆ ತರಕಾರಿಯವನನ್ನೂ ಕೆಲಸದ ಬಾಯಿಯನ್ನೂ ದಿನಾ ಚೀಲ ಬಿಚ್ಚಿಸಿ ನೋಡುವುದನ್ನು ನಾನು ವಿರೋಧಿಸಿದೆ. ಅದು ಕಾವಲಲ್ಲ, ಅವಮಾನ.

ಈಗಿನ ಕಳ್ಳನಿಗೆ ಮೆಟ್ಟಿಲು ಹತ್ತುವ ಶ್ರಮವೂ ಬೇಡ. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ, "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಯಾರಿಗೂ ಹೇಳಕೂಡದು" ಎಂದು ಹೆದರಿಸಿ ಬ್ಯಾಂಕಿನ ಹಣ ದೋಚುತ್ತಾನೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ, ಎದುರಿಗೇ ಅಪಾಯವಿದ್ದರೆ 112ಕ್ಕೆ ಫೋನು ಮಾಡಬೇಕು. ಆದರೆ ಹೆದರಿ ಕುಳಿತವರಿಗೆ ನಂಬರು ನೆನಪಾಗುವುದುಂಟೆ?

ನಮ್ಮ ನಾಲ್ಕನೇ ಮಾಳಿಗೆಯಲ್ಲಿ ಒಂಟಿಯಾಗಿರುವ ಹಿರಿಯಕ್ಕ ಒಬ್ಬರಿದ್ದಾರೆ. ಒಂದು ಬೆಳಿಗ್ಗೆ ಹತ್ತಾದರೂ ಅವರ ಪೇಪರು ಬಾಗಿಲಲ್ಲೇ ಬಿದ್ದಿತ್ತು. ಎದುರು ಮನೆಯ ಗುಜರಾತಿ ಹೆಂಗಸು ಬೆಲ್ ಒತ್ತಿದರು. ಉತ್ತರವಿಲ್ಲ. ಬಿಡದೆ ಬಾಗಿಲು ತಟ್ಟಿದರು. ಕೊನೆಗೆ ಬಾಗಿಲು ಸ್ವಲ್ಪವೇ ತೆರೆಯಿತು. ಅಕ್ಕನ ಕೈಯಲ್ಲಿ ಫೋನು, ತುಟಿಯ ಮೇಲೆ ಬೆರಳು. ಈಕೆ ಫೋನು ಕಸಿದು ಆರಿಸಿದರು. ಬ್ಯಾಂಕಿಗೆ ಹೊರಡಲೆಂದು ಮೇಜಿನ ಮೇಲೆ ಎತ್ತಿಟ್ಟಿದ್ದ ಪಾಸ್‌ಬುಕ್ಕನ್ನು ಮತ್ತೆ ಕಪಾಟಿನಲ್ಲಿಟ್ಟು, ಇಬ್ಬರೂ ಸುಮ್ಮನೆ ಸೋಫಾದ ಮೇಲೆ ಕೂತರು.