ಹಂಡೆ ಒಲೆ ಆರಿಸಿ ಕಾರಿನ ಪಂಪ್ ಬದಲಿಸಿದ ಭಾನುವಾರ

ಜುಲೈ ಕೊನೆಯ ವಾರ. ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಮೂರು ದಿನದಿಂದ ಕರೆಂಟಿಲ್ಲ, ಮಳೆ ಬಿಟ್ಟಿಲ್ಲ, ಅಪ್ಪನ ಕಾರು ಸ್ಟಾರ್ಟ್ ಆಗ್ತಿಲ್ಲ. ಮೊದಲೆರಡು ಕೊಡಗಿನವರಿಗೆ ಸುದ್ದಿಯೇ ಅಲ್ಲ. ಮೂರನೆಯದು ಮಾತ್ರ ತಲೆಬಿಸಿ. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ವಾರವಾಗಿತ್ತು. ಸೋಮವಾರ ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಲೇಬೇಕಿತ್ತು.

ಗ್ಯಾರೇಜಿಗೆ ಫೋನ್ ಮಾಡಿದರೆ, "ಗಾಡಿ ತನ್ನಿ, ನೋಡೋಣ" ಅಂದರು. ತರೋಕಾಗದೇ ಇರೋದೇ ಸಮಸ್ಯೆ ಸ್ವಾಮಿ! ನಮ್ಮ ದಾರಿಯಲ್ಲಿ ಬರೆ ಜರಿದು, ಬೈಕ್ ಮಾತ್ರ ನುಸುಳುವಷ್ಟು ಜಾಗ ಉಳಿದಿತ್ತು. ಸೋಮವಾರದೊಳಗೆ ಮಣ್ಣು ತೆಗೀತೀವಿ ಅಂತ ಜೆಸಿಬಿಯವರು ಹೇಳಿದ್ದರು. ಟ್ಯಾಕ್ಸಿಯವರು ರಸ್ತೆಯ ಹೆಸರು ಕೇಳಿಯೇ ಫೋನಿಟ್ಟರು. ಆಪರೇಷನ್ ಆದ ಕಣ್ಣಿಟ್ಟುಕೊಂಡು ಅಮ್ಮ ಬಾಡಿಗೆ ಜೀಪಲ್ಲಿ ಕುಲುಕಾಡಿಕೊಂಡು ಹೋಗೋದು ಅಪ್ಪನಿಗೆ ಬೇಡ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಕಕ್ಕಡದ ಮದ್ದುಸೊಪ್ಪಿನ ಪಾಯಸ ತಿನ್ನೋಣ ಅಂತ ರಜೆ ಹಾಕಿ ಬಂದಿದ್ದೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ, ಆದರೆ ತಪ್ಪು ಎಲ್ಲಿದೆ ಅಂತ ಹುಡುಕೋದೇ ನನ್ನ ಸಂಬಳದ ಕೆಲಸ.

ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತೆ, ಇಂಜಿನ್ ಹಿಡಿಯಲ್ಲ. ಅಂದರೆ ಬ್ಯಾಟರಿ ಸರಿಯಿದೆ. ಕೀಯನ್ನು ಆನ್‌ಗೆ ಮಾತ್ರ ತಂದು ಕಿವಿಗೊಟ್ಟೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಆಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ 'ಝುಯ್' ಅನ್ನೋ ಸದ್ದು ಬರಬೇಕು. ಟ್ಯಾಂಕಿನೊಳಗಿನ ಪಂಪ್ ಪೆಟ್ರೋಲನ್ನು ಇಂಜಿನ್ನಿಗೆ ತಳ್ಳುವ ಸದ್ದು ಅದು. ನಮ್ಮದರಲ್ಲಿ ಮೌನ. ಫ್ಯೂಸ್ ನೋಡಿದೆ, ಸರಿ. ಪಂಪಿನ ರಿಲೇ ತೆಗೆದು ಅದೇ ಅಳತೆಯ ಹಾರ್ನ್ ರಿಲೇ ಹಾಕಿದೆ, ಆಗಲೂ ಮೌನ. ಸೀಟೆತ್ತಿ ಪಂಪಿಗೆ ಬರುವ ವೈರಿಗೆ ಮಲ್ಟಿಮೀಟರ್ ಹಿಡಿದು, ಅಪ್ಪನಿಗೆ ಕೀ ಆನ್ ಮಾಡಿ ಅಂದೆ. 12 ವೋಲ್ಟ್ ಬಂತು. ಕರೆಂಟ್ ಬರ್ತಿದೆ, ಪಂಪ್ ತಿರುಗ್ತಿಲ್ಲ. ಅಲ್ಲಿಗೆ ಅಪರಾಧಿ ಸಿಕ್ಕಿದ. ಈ ಅರ್ಧ ಗಂಟೆ ತಪ್ಪಿಸಬೇಡಿ. ಮೂವತ್ತು ರೂಪಾಯಿಯ ಫ್ಯೂಸ್ ಹೋಗಿದ್ದಕ್ಕೆ ಸಾವಿರಾರು ರೂಪಾಯಿಯ ಪಂಪ್ ತರೋ ಸಾಹಸ ಯಾರಿಗೆ ಬೇಕು?

"ಹಿಂದೆ ಮಾರುತಿ 800 ಇದ್ದಾಗ ಪಂಪ್ ಇಂಜಿನ್ ಪಕ್ಕದಲ್ಲೇ ಇತ್ತು. ದಾರಿಯಲ್ಲೇ ಬಿಚ್ಚಿ ಸರಿ ಮಾಡ್ತಿದ್ವಿ" ಅಂತ ಅಪ್ಪ ಶುರು ಮಾಡಿದರು. ನಿಜ, ಆ ಕಾರ್ಬುರೇಟರ್ ಕಾಲದ ಪಂಪನ್ನು ಇಂಜಿನ್ನೇ ಕುಟ್ಟುತ್ತಿತ್ತು, ಒತ್ತಡವೂ ಕಡಿಮೆ. ಈಗಿನದು ಕರೆಂಟಿನದು, ಪೆಟ್ರೋಲಿನಲ್ಲೇ ಮುಳುಗಿರುತ್ತೆ. ಬಹಳಷ್ಟು ಕಾರುಗಳಲ್ಲಿ ಪೈಪಿನ ಒತ್ತಡ ಸುಮಾರು 3 ಬಾರ್, ಟೈರಿನ ಗಾಳಿಗಿಂತ ಜಾಸ್ತಿ.

ಚಿಕ್ಕಪ್ಪನ ಮಗ ಬೈಕಲ್ಲಿ ಕುಶಾಲನಗರಕ್ಕೆ ಹೋಗಿ ಹೊಸ ಪಂಪ್ ತಂದ. ನಮ್ಮ ಮಾಡೆಲ್ಲಿನ ವಿಡಿಯೋವನ್ನು ತೋಟದ ಮೇಲಿನ ಸಿಲ್ವರ್ ಓಕ್ ಬುಡದಲ್ಲಿ ನಿಂತು ಇಳಿಸಿಕೊಂಡೆ. ನೆಟ್‌ವರ್ಕ್ ಸಿಗೋದು ಅಲ್ಲಿ ಮಾತ್ರ, ಜಿಗಣೆ ಫ್ರೀ. ನಮ್ಮ ಅದೃಷ್ಟಕ್ಕೆ ಈ ಕಾರಿನಲ್ಲಿ ಸೀಟಿನಡಿ ಮುಚ್ಚಳವಿದೆ. ಕೆಲವು ಕಾರುಗಳಲ್ಲಿ ಟ್ಯಾಂಕನ್ನೇ ಕೆಳಗಿಳಿಸಬೇಕು. ಅಂಥದ್ದಾಗಿದ್ದರೆ ನಾನು ಕೈ ಹಾಕ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಕೂತು ಪೈಪ್ ಬಿಚ್ಚಲು ಶುರು ಮಾಡಿದೆ. ಬ್ಯಾಟರಿಯ ನೆಗೆಟಿವ್ ತೆಗೆದಿದ್ದೆ, ಪೈಪಿನ ಸುತ್ತ ಬಟ್ಟೆ ಸುತ್ತಿದ್ದೆ. ಎಲ್ಲಾ ವಿಡಿಯೋದಲ್ಲಿ ಹೇಳಿದ ಹಾಗೇ. ಕ್ಲಿಪ್ ಸಡಿಲವಾಗಿ ಒಂದಿಷ್ಟು ಪೆಟ್ರೋಲ್ ಚಿಮ್ಮಿತಷ್ಟೆ, ಒಳಗಿನಿಂದ ಅಮ್ಮ ಕೂಗಿದರು:

"ಏನೇ ಅದು ವಾಸನೆ? ಬಚ್ಚಲಲ್ಲಿ ಹಂಡೆ ಒಲೆ ಉರೀತಿದೆ ಕಣೇ!"

ನನ್ನ ಕೈ ಅಲ್ಲೇ ನಿಂತಿತು. ನಮ್ಮ ಶೆಡ್ಡಿಗೂ ಬಚ್ಚಲುಮನೆಗೂ ನಡುವೆ ಒಂದೇ ಗೋಡೆ, ಅದೂ ಮಾಡಿನವರೆಗೆ ಇಲ್ಲ. ನೆಲದಲ್ಲಿ ಒಂದೇ ಮೋರಿ. ಮಳೆಗಾಲದಲ್ಲಿ ಆ ಒಲೆ ದಿನವಿಡೀ ಆರೋದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲದ ಮೇಲೇ ಹರಿಯುತ್ತೆ. ಆ ಮೋರಿಯ ದಾರಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ಮಾಡಿದ ವಿಡಿಯೋ, ಹಂಡೆ ಒಲೆಯ ಬಗ್ಗೆ ಅದರಲ್ಲಿ ಏನಿರುತ್ತೆ? ಕಪ್ಪು ಕನ್ನಡಕ ಹಾಕಿಕೊಂಡು ಕತ್ತಲ ಕೋಣೆಯಲ್ಲಿ ಕೂತಿದ್ದ ಅಮ್ಮನಿಗೆ ಗೊತ್ತಾಗಿದ್ದು ನನಗೆ ಗೊತ್ತಾಗಲಿಲ್ಲ.

ಕ್ಲಿಪ್ ಮತ್ತೆ ಒತ್ತಿ ಕೂರಿಸಿ, ಶೆಡ್ಡಿನ ಎರಡೂ ಬಾಗಿಲು ತೆರೆದಿಟ್ಟು ಹೊರಗೆ ಬಂದೆವು. ಅಪ್ಪ ಒಲೆಗೆ ನೀರು ಹೊಯ್ದರು, ಬೂದಿ ಕೆದಕಿ ಒಳಗಿನ ಕೆಂಡಕ್ಕೂ ಹೊಯ್ದರು. ಬೂದಿಯಡಿ ಕೆಂಡ ಮುಚ್ಚಿಡುವ ಮನೆ ನಮ್ಮದು, ಹೊಗೆ ನಿಂತಿತೆಂದರೆ ಬೆಂಕಿ ಆರಿತು ಅಂತ ನಂಬೋ ಹಾಗಿಲ್ಲ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದೆವು. ನಾವು ಟ್ಯಾಂಕ್ ತೆರೆದ ಹೊತ್ತಿಗೇ ಕರೆಂಟ್ ಬಂದು ಶೆಡ್ಡಿನ ಹಳೇ ಹೋಲ್ಡರಿನಲ್ಲಿ ಕಿಡಿ ಹಾರಿದರೆ? ಕಾರನ್ನು ಅಂಗಳಕ್ಕೆ ತಳ್ಳೋಣ ಅಂದರೆ ಟ್ಯಾಂಕಿಗೆ ಮಳೆನೀರು ಬೀಳುತ್ತೆ. ಎರಡು ಗಂಟೆ ಸುಮ್ಮನೆ ಕಾದೆವು. ವಾಸನೆ ಪೂರ್ತಿ ಹೋದ ಮೇಲೆ, ಒಂದು ಬಕೆಟ್ ಮರಳು ಪಕ್ಕಕ್ಕಿಟ್ಟುಕೊಂಡು ಮತ್ತೆ ಕೂತೆ.

ಆಮೇಲಿನದು ತಾಳ್ಮೆಯ ಕೆಲಸ, ಅಷ್ಟೆ. ಪಂಪಿನ ತಲೆಯ ಮೇಲೆ ಹದಿನೇಳು ವರ್ಷದ ಕೆಂಪು ಮಣ್ಣು. ಅದನ್ನು ಬ್ರಷ್ಷಿನಿಂದ ಪೂರ್ತಿ ತೆಗೆಯದೆ ಬಿಚ್ಚಿದರೆ ನೇರ ಟ್ಯಾಂಕಿಗೆ ಬೀಳುತ್ತೆ. ಬಿಗಿಯಾದ ರಿಂಗಿಗೆ ಕಬ್ಬಿಣದ ಸುತ್ತಿಗೆ ಹೊಡೆಯದೆ, ಮರದ ತುಂಡಿಟ್ಟು ಮರದ ಕೊಡತಿಯಲ್ಲಿ ತಟ್ಟಿದೆ. ಪಂಪಿನ ಜೊತೆ ಪೆಟ್ರೋಲ್ ಮಟ್ಟ ತೋರಿಸುವ ತೇಲುಗಡ್ಡಿಯೂ ಇರುತ್ತೆ. ಅದು ಬಾಗದ ಹಾಗೆ ಓರೆಯಾಗಿ ಎತ್ತಬೇಕು. ತಳದ ಜಾಲರಿ ಕಪ್ಪಗೆ ಮೆತ್ತಿಕೊಂಡಿತ್ತು. ರಬ್ಬರ್ ಸೀಲ್ ಹೊಸದೇ ಹಾಕಿದೆ, ಹಳೆಯದು ಕೈಯಲ್ಲೇ ಉಬ್ಬಿದಂತಿತ್ತು.

ಈಗ ಪೆಟ್ರೋಲಿನಲ್ಲಿ 20% ಎಥನಾಲ್ ಬರ್ತಿದೆಯಲ್ಲ, ಪಂಪ್ ಹೋಗಿದ್ದು ಅದರಿಂದಲೇ ಅಂತ ಅಪ್ಪನ ವಾಟ್ಸಾಪ್ ಗ್ರೂಪಿನ ತೀರ್ಪು. ಎಥನಾಲ್ ತೇವ ಹೀರುತ್ತೆ, ಹಳೇ ಕಾರಿನ ರಬ್ಬರಿಗೆ ಒಗ್ಗದಿರಬಹುದು, ಅದೆಲ್ಲ ಸರಿ. ಆದರೆ ನನ್ನ ಅನುಮಾನ ಅಪ್ಪನ ಮೇಲೆ. ಐನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿ, ಹಳದಿ ದೀಪ ಉರಿಯುತ್ತಿದ್ದರೂ ಮೂರು ದಿನ ಓಡಿಸುವ ಮಹಾನುಭಾವರು ಅವರು. ಆ ಪಂಪ್ ತಂಪಾಗೋದೇ ಸುತ್ತಲಿನ ಪೆಟ್ರೋಲಿನಿಂದ. ಸದಾ ರಿಸರ್ವಿನಲ್ಲೇ ಓಡಿಸಿದರೆ ಬಿಸಿಯಾಗಿ ಬೇಗ ಸವೆಯುತ್ತೆ.

ಎಲ್ಲ ಜೋಡಿಸಿ, ಬ್ಯಾಟರಿ ಕೊಟ್ಟು, ಕೀಯನ್ನು ನಾಲ್ಕೈದು ಸಲ ಆನ್-ಆಫ್ ಮಾಡಿದೆ. ಪೈಪಿಗೆ ಪೆಟ್ರೋಲ್ ತುಂಬಲಿ ಅಂತ. 'ಝುಯ್' ಅಂತು! ಸೀಟ್ ಕೂರಿಸುವ ಮೊದಲು ಜೋಡಣೆಯ ಸುತ್ತ ಒಣ ಬಟ್ಟೆ ಒತ್ತಿ ಸೋರಿಕೆ ಇದೆಯಾ ನೋಡಿದೆ. ಇರಲಿಲ್ಲ. ಸೆಲ್ಫ್ ಹೊಡೆದೆ, ಇಂಜಿನ್ ಹಿಡಿಯಿತು. ಅಮ್ಮ ಒಳಗಿನಿಂದಲೇ, "ಇನ್ನು ಒಲೆ ಹಚ್ಚಬಹುದಾ? ಸ್ನಾನಕ್ಕೆ ನೀರಿಲ್ಲ" ಅಂದರು. ಇನ್ನೊಂದು ಗಂಟೆ ಬೇಡ ಅಂದೆ.

ಸೋಮವಾರ ಬೆಳಿಗ್ಗೆ ಜೆಸಿಬಿ ಸರಿಸಿದ್ದ ಮಣ್ಣಿನ ಪಕ್ಕದಲ್ಲೇ ದಾಟಿದೆವು. ದಾರಿಯಲ್ಲಿ ಸಿಕ್ಕ ಬಂಕಿನಲ್ಲಿ ಅಪ್ಪ ಅಭ್ಯಾಸಬಲದಿಂದ ಕಿಟಕಿ ಇಳಿಸಿ, "ಐನೂರಕ್ಕೆ..." ಅಂದರು. ಹಿಂದಿನ ಸೀಟಿನಿಂದ ಅಮ್ಮ ಕೆಮ್ಮಿದರು.

"ಫುಲ್ ಮಾಡಪ್ಪ" ಅಂದರು ಅಪ್ಪ.