ವಾಂತಿ ಮಾಡಲಾರದ ಇಲಿಗೆ ಎದೆಯುರಿ

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಪಾಷಾಣ ತಿಂದ ಇಲಿ ಅದನ್ನು ಕಕ್ಕಿ ಬದುಕಿಕೊಳ್ಳಲಾರದು. ಆದರೂ ಜಠರದ ಹುಳಿ ಮೇಲೇರಿ ಅನ್ನನಾಳದಲ್ಲಿ ಕ್ಯಾನ್ಸರ್ ಹುಟ್ಟುವ ಬಗೆಯನ್ನು ತಿಳಿಯಲು ಹೆಚ್ಚಾಗಿ ನೆರವಾದದ್ದು ಇದೇ ಪ್ರಾಣಿ.

ಹದಡಿಯಲ್ಲೋ ದಾವಣಗೆರೆಯಲ್ಲೋ ರಾತ್ರಿ ಮಂಡಕ್ಕಿ-ಮಿರ್ಚಿ ತಿಂದು ಕೂಡಲೇ ಅಡ್ಡಾದವರ ಗಂಟಲಿಗೆ ಬರುವ ಹುಳಿನೀರು ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ವರ್ಷಗಟ್ಟಲೆ ಕಾಡಿದರೆ ಮಾತ್ರ ಕೆಲವರಲ್ಲಿ ಅನ್ನನಾಳದ ಕೆಳತುದಿಯ ಒಳಪದರವೇ ಬದಲಾಗುತ್ತದೆ. ಚಪ್ಪಟೆ ಕೋಶಗಳಿದ್ದ ಕಡೆ ಕರುಳಿನಲ್ಲಿರುವಂಥ ಕಂಬದಾಕಾರದ ಕೋಶಗಳು ಬಂದು ಕೂರುತ್ತವೆ. ಇದಕ್ಕೆ 'ಬ್ಯಾರೆಟ್ ಅನ್ನನಾಳ' ಎಂದು ಹೆಸರು. ತಮಾಷೆಯೆಂದರೆ, 1950ರಲ್ಲಿ ಇದರ ಬಗ್ಗೆ ಬರೆದ ಬ್ರಿಟನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್, ಅದು ಅನ್ನನಾಳವೇ ಅಲ್ಲ, ಎದೆಯೊಳಕ್ಕೆ ಎಳೆದುಕೊಂಡ ಜಠರ ಎಂದು ವಾದಿಸಿದ್ದರು. 1957ರಲ್ಲಿ ಮಾತು ಬದಲಿಸಿದರು. ಹೀಗೆ ಬದಲಾದ ಪದರದಿಂದ ಮುಂದೆ ಅಡಿನೋಕಾರ್ಸಿನೋಮ ಎಂಬ ಕ್ಯಾನ್ಸರ್ ಹುಟ್ಟಬಹುದು. ಆದರೆ ಬ್ಯಾರೆಟ್ ಇರುವ ನೂರು ಜನರಲ್ಲಿ ವರ್ಷಕ್ಕೆ ಒಬ್ಬರಿಗೂ ಅದು ಬರುವುದಿಲ್ಲ. ಹುಳಿತೇಗು ಬಂದಾಗಲೆಲ್ಲ ಕ್ಯಾನ್ಸರ್ ಎಂದು ಬೆಚ್ಚುವುದಕ್ಕೆ ಅರ್ಥವಿಲ್ಲ.

ಒಳಪದರ ಹೀಗೆ ಬದಲಾಗುವ ಬಗೆಯನ್ನು ತಿಳಿಯಲು ಮೊದಲು ನಾಯಿಗಳ ಮೇಲೆ ಪ್ರಯೋಗಗಳು ನಡೆದವು. 1970ರಲ್ಲಿ ಬ್ರೆಮ್ನರ್ ಮತ್ತು ಸಂಗಡಿಗರು ನಾಯಿಯ ಅನ್ನನಾಳದ ಕೆಳಭಾಗದ ಒಳಪದರವನ್ನು ಸುಲಿದು, ಹುಳಿ ಮೇಲೇರುವಂತೆ ಮಾಡಿದರು. ಗಾಯ ಮಾಯುವಾಗ ಅಲ್ಲಿ ಕಂಬಕೋಶಗಳು ಬೆಳೆದವು. ನಾಯಿ ದುಬಾರಿ, ಫಲಿತಾಂಶಕ್ಕೆ ಕಾಯುವುದೂ ದೀರ್ಘ. ಹಾಗಾಗಿ ಇಲಿಯ ಸರದಿ ಬಂತು. ತಾನಾಗಿ ಹುಳಿ ಮೇಲೆ ಬಾರದ ಈ ಪ್ರಾಣಿಗೆ ಶಸ್ತ್ರಚಿಕಿತ್ಸೆಯೇ ಬೇಕು: ಸಣ್ಣಕರುಳಿನ ಆರಂಭದ ಭಾಗವನ್ನು ಅನ್ನನಾಳಕ್ಕೆ ನೇರವಾಗಿ ಹೊಲಿಯುತ್ತಾರೆ. ಆಮ್ಲದ ಜೊತೆ ಪಿತ್ತರಸವೂ ಮೇಲಕ್ಕೆ ನುಗ್ಗುತ್ತದೆ. ಇಲಿಗೆ ಪಿತ್ತಕೋಶವಿಲ್ಲ, ಪಿತ್ತ ಹೊತ್ತು ಗೊತ್ತಿಲ್ಲದೆ ತೊಟ್ಟಿಕ್ಕುತ್ತಲೇ ಇರುತ್ತದೆ. ಹೊರಗಿನಿಂದ ಯಾವ ವಿಷವನ್ನೂ ಕೊಡದೆ, ಕೆಲವೇ ತಿಂಗಳಲ್ಲಿ ಕೆಲವು ಇಲಿಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ.

ಈ ಇಲಿಯೇ ಹಳೆಯ ನಂಬಿಕೆಯೊಂದನ್ನು ಕೆಡವಿತು. ಬಟ್ಟೆಯ ಮೇಲೆ ಆಸಿಡ್ ಬಿದ್ದರೆ ಮೇಲಿನಿಂದ ಸುಡುವಂತೆ ಅನ್ನನಾಳವೂ ಸುಡುತ್ತದೆ ಎಂದು ಜನರಷ್ಟೇ ಅಲ್ಲ, ವೈದ್ಯರೂ ನಂಬಿದ್ದರು. 2009ರಲ್ಲಿ ಅಮೆರಿಕದ ಡಲ್ಲಾಸ್‌ನ ರೋಂಡಾ ಸೌಜಾ, ಸ್ಟುವರ್ಟ್ ಸ್ಪೆಕ್ಲರ್ ತಂಡ ಇಂಥ ಇಲಿಗಳನ್ನು ಹಂತಹಂತವಾಗಿ ಪರೀಕ್ಷಿಸಿತು. ಮೂರನೆಯ ದಿನ ಒಳಪದರದ ಮೇಲ್ಮೈ ಚೆನ್ನಾಗಿಯೇ ಇತ್ತು. ಆದರೆ ಅದರ ಆಳದಲ್ಲಿ ಬಿಳಿರಕ್ತಕಣಗಳಾದ ಲಿಂಫೋಸೈಟ್‌ಗಳು ಆಗಲೇ ಬಂದು ಸೇರಿದ್ದವು. ಉರಿಯೂತ ಕೆಳಗಿನಿಂದ ಮೇಲಕ್ಕೆ ಹಬ್ಬುತ್ತಾ ಹೋಯಿತು. ಮೇಲ್ಮೈಯಲ್ಲಿ ಹುಣ್ಣು ಬಿದ್ದದ್ದು ನಾಲ್ಕನೆಯ ವಾರದಲ್ಲಿ. ಸುಟ್ಟಗಾಯವಾಗಿದ್ದರೆ ಇದು ತಲೆಕೆಳಗಾಗಿರಬೇಕಿತ್ತು. ಆಮ್ಲ-ಪಿತ್ತ ತಾಗಿದ ಕೋಶಗಳೇ ರಾಸಾಯನಿಕ ಸಂದೇಶ ಕಳಿಸಿ ಬಿಳಿರಕ್ತಕಣಗಳ ಸೈನ್ಯವನ್ನು ಕರೆಸುತ್ತವೆ, ಹಾನಿ ಮಾಡುವುದು ಆ ಸೈನ್ಯ. 2016ರಲ್ಲಿ ಅದೇ ತಂಡ 12 ರೋಗಿಗಳ ಆಮ್ಲನಿರೋಧಕ ಮಾತ್ರೆಯನ್ನು ಎರಡು ವಾರ ನಿಲ್ಲಿಸಿ ನೋಡಿದಾಗ ಮನುಷ್ಯರಲ್ಲೂ ಲಿಂಫೋಸೈಟ್‌ಗಳೇ ಮುಂದಿದ್ದವು.

ಹಾಗೆಂದು ಇಲಿ ಮನುಷ್ಯನಲ್ಲ. ಅದರ ಅನ್ನನಾಳದ ಒಳಮೈ ಗಡುಸಾಗಿ ಕೆರಾಟಿನ್ ಕಟ್ಟಿರುತ್ತದೆ. ಮನುಷ್ಯನ ಅನ್ನನಾಳದ ಗೋಡೆಯಲ್ಲಿರುವ ಲೋಳೆಗ್ರಂಥಿಗಳು ಅದಕ್ಕಿಲ್ಲ. ಈ ಗ್ರಂಥಿಗಳು ಹಂದಿಗಿವೆ, ಆದರೆ ಹಂದಿಯನ್ನು ಸಾಕುವುದು ಸುಲಭವಲ್ಲ. 2012ರಲ್ಲಿ ಹೊಲಿಗೆಯ ಗೊಡವೆಯಿಲ್ಲದ ಒಂದು ಸುಂಡಿಲಿ ಸಿದ್ಧವಾಯಿತು. ಅದರ ಅನ್ನನಾಳದಲ್ಲಿ ಉರಿಯೂತದ ಸಂದೇಶವಾಹಕ ಐಎಲ್-1 ಬೀಟಾ ಸದಾ ಹೆಚ್ಚಾಗಿರುವಂತೆ ಜೀನ್ ಬದಲಿಸಲಾಗಿತ್ತು. ಕುಡಿಯುವ ನೀರಿಗೆ ಪಿತ್ತಾಮ್ಲ ಬೆರೆಸಿದಾಗ ರೋಗ ಇನ್ನೂ ಬೇಗ ಬಂತು.

ಕರ್ನಾಟಕದಲ್ಲಿ ಕಾಣುವ ಅನ್ನನಾಳದ ಕ್ಯಾನ್ಸರ್‌ನಲ್ಲಿ ಹೆಚ್ಚಿನದು ಬೇರೆಯೇ ಜಾತಿಯದು: ಚಪ್ಪಟೆ ಕೋಶಗಳಲ್ಲೇ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರ್. ಬೀಡಿ, ಮದ್ಯ, ತಂಬಾಕು ಬೆರೆತ ಎಲೆಅಡಿಕೆ ಇದಕ್ಕೆ ದಾರಿ. ಅಡಿಕೆ ತೋಟಗಳ ಸೀಮೆಯಲ್ಲಿ ಕ್ಯಾನ್ಸರ್‌ಗೆಲ್ಲ ಮಿರ್ಚಿಯ ಖಾರವೇ ಕಾರಣ ಎಂದು ದೂರುವವರು ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ ಮಾತಾಡುತ್ತಿರುತ್ತಾರೆ. ಸ್ಕ್ವಾಮಸ್ ಬಗೆಯ ಅಧ್ಯಯನಕ್ಕೂ ಇಲಿಯೇ ಬೇಕು, ಆದರೆ ಹೊಲಿಗೆ ಬೇಡ. ಎನ್‌ಎಂಬಿಎ ಎಂಬ ನೈಟ್ರೋಸಮೈನ್ ಅನ್ನು ಚರ್ಮದಡಿಗೆ ಚುಚ್ಚಿದರೆ ಸಾಕು. ಚುಚ್ಚಿದ ಕಡೆ ಏನೂ ಆಗುವುದಿಲ್ಲ, ಗಡ್ಡೆ ಏಳುವುದು ಅನ್ನನಾಳದಲ್ಲಿ; ಆ ರಾಸಾಯನಿಕವನ್ನು ವಿಷವಾಗಿ ಬದಲಿಸುವ ಕಿಣ್ವ ಅಲ್ಲಿನ ಕೋಶಗಳಲ್ಲೇ ಇದೆ.