ಹಟ್ಟಿಯ ಹುಡುಗಿ ನರ್ಸ್ ಆದ್ರೆ ಏನು ಬದಲಾಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಪದದಿಂದ ಶುರು ಮಾಡ್ತೀನಿ: ಆಯಾಸ.

ಕನ್ನಡದಲ್ಲಿ ಆಯಾಸ ಅಂದ್ರೆ ಸುಸ್ತು, ದಣಿವು. ಅದೇ ತೆಲುಗಿನ ಆಡುಮಾತಿನಲ್ಲಿ 'ಆಯಾಸಂ' ಅಂದ್ರೆ ಏದುಸಿರು, ಉಸಿರು ಕಟ್ಟೋದು. ಮೊಳಕಾಲ್ಮೂರು ತಾಲ್ಲೂಕು ಆಂಧ್ರದ ರಾಯದುರ್ಗಕ್ಕೆ ಅಂಟಿಕೊಂಡೇ ಇದೆ. ಇಲ್ಲಿ, ನಮ್ಮ ಚಳ್ಳಕೆರೆ ಕಡೆ ಕೂಡ, ಬಹಳಷ್ಟು ಮ್ಯಾಸನಾಯಕರ ಮನೆಮಾತು ತೆಲುಗು. ಈಗ ಯೋಚನೆ ಮಾಡಿ. ಒಬ್ಬ ಅಜ್ಜಿ ಆಸ್ಪತ್ರೆಗೆ ಬಂದು, ನಾಲ್ಕು ದಿನದಿಂದ ಆಯಾಸಂ ಅಂತಾರೆ. ತೆಲುಗು ಬಾರದವರು 'ಸುಸ್ತು' ಅಂತ ಬರ್ಕೊಂಡು, ಶಕ್ತಿಗೆ ಮಾತ್ರೆ ಕೊಟ್ಟು ಕಳಿಸಿಬಿಡಬಹುದು. ಮನೇಲಿ ತೆಲುಗು ಆಡೋ ನರ್ಸ್ ಆದ್ರೆ ತಕ್ಷಣ ಕೇಳ್ತಾರೆ: ಮಲಗಿದಾಗ ಜಾಸ್ತಿ ಆಗುತ್ತಾ? ಕಾಲು ಊದಿದೆಯಾ? ಯಾಕಂದ್ರೆ ಅದು ಹೃದಯದ ತೊಂದರೆ ಇರಬಹುದು.

ಹುಟ್ಟಿದ ಮನೆ, ಆಡೋ ಮಾತು, ನಡ್ಕೊಳ್ಳೋ ದೇವರು ಇವೆಲ್ಲ ಆರೋಗ್ಯ ಕಾರ್ಯಕರ್ತರ ಕೆಲಸವನ್ನ ಹೇಗೆ ರೂಪಿಸ್ತವೆ? ಇದೇ ಇವತ್ತಿನ ವಿಷಯ. ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಕಾಡುಗೊಲ್ಲರ ಹಟ್ಟಿಯವಳು. ಜಿಎನ್‌ಎಂ ಓದಿ ನರ್ಸ್ ಆಗಿದೀನಿ. ಹಾಗಾಗಿ ಇದು ನನ್ನ ಕಥೆನೂ ಹೌದು.

ಊರಿನವಳೇ ಯಾಕೆ ಬೇಕು?

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯ್ತು. ಅದರ ಜೊತೆಗೆ ಬಂದವರು ಆಶಾ ಕಾರ್ಯಕರ್ತೆಯರು. ಸುಮಾರು 1000 ಜನಕ್ಕೆ ಒಬ್ಬರು ಅನ್ನೋದು ಲೆಕ್ಕ. ಆಯ್ಕೆಯ ಮುಖ್ಯ ಷರತ್ತು, ಆಕೆ ಅದೇ ಊರಿನ ಹೆಣ್ಣುಮಗಳಾಗಿರಬೇಕು. ಅಂದ್ರೆ ಊರಿನವಳಾಗಿರೋದೇ ಇಲ್ಲಿ ಒಂದು ಅರ್ಹತೆ.

ಯಾಕೆ ಅಂತ ಒಂದು ಉದಾಹರಣೆ ಹೇಳ್ತೀನಿ. ಹಳೇ ಕಟ್ಟುಪಾಡು ಉಳಿಸ್ಕೊಂಡಿರೋ ಮ್ಯಾಸನಾಯಕರ ಮನೆಗಳಲ್ಲಿ ಕೋಳಿ ತಿನ್ನಲ್ಲ. ಅಲ್ಲಿಯ ಬಸುರಿಗೆ ರಕ್ತ ಕಮ್ಮಿ ಇದೆ ಅಂತ 'ಕೋಳಿ ತಿನ್ನಮ್ಮ' ಅಂದ್ರೆ ಆಕೆ ತಲೆ ಆಡಿಸಿ ಮನೆಗೆ ಹೋಗ್ತಾಳೆ, ಅಷ್ಟೆ. ಆ ಮನೆ ಗೊತ್ತಿರೋಳು ನುಗ್ಗೆಸೊಪ್ಪು, ರಾಗಿ, ಶೇಂಗಾ, ಕುರಿ ಮಾಂಸದ ಮಾತಾಡ್ತಾಳೆ. ಕಬ್ಬಿಣದ ಮಾತ್ರೆ ನುಂಗಿದ್ರೆ ಮಲ ಕಪ್ಪಗಾಗುತ್ತೆ, ಹೆದರಬೇಡ ಅಂತ ಮೊದಲೇ ಹೇಳಿರ್ತಾಳೆ.

ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರನ್ನ ನೆನಪಿಸಿಕೊಳ್ಳಿ. ಶಾಲೆ ಓದಿದವರಲ್ಲ, ಹೆರಿಗೆ ವಿದ್ಯೆ ಕಲಿತದ್ದು ಅಜ್ಜಿಯಿಂದ. ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಹೊರದೇಶದಲ್ಲೂ ಇದೇ ಕಥೆ ಇದೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಆಡೋ ಲ್ಯಾಟಿನೋ ರೋಗಿಗಳು ತುಂಬಾ ಜನ, ಅವರ ಸಮುದಾಯದ ನರ್ಸ್‌ಗಳು ಕಮ್ಮಿ. ಪನಾಮಾದಲ್ಲಿ ಹುಟ್ಟಿದ ನರ್ಸ್ ಇಲ್ಡೌರಾ ಮುರಿಯೊ ರೋಡ್ ಇದನ್ನ ನೋಡಿ 1975ರಲ್ಲಿ ಹಿಸ್ಪಾನಿಕ್ ನರ್ಸ್‌ಗಳ ರಾಷ್ಟ್ರೀಯ ಸಂಘ ಕಟ್ಟಿದ್ರು.

ಇಲ್ಲಿವರೆಗೆ ಎಲ್ಲಾ ಚೆನ್ನಾಗೇ ಕೇಳಿಸ್ತಿದೆ, ಅಲ್ವಾ? ಈಗ ಕಷ್ಟದ ಭಾಗಕ್ಕೆ ಬರೋಣ.

ಒಳಗಿನವಳಾಗಿರೋದರ ಕಷ್ಟ

ನಮ್ಮಲ್ಲಿ ಹಟ್ಟಿ ಅಂದ್ರೆ ದೇವರ ಜಾಗ. ಮುಟ್ಟಾದವರು, ಹೆತ್ತ ಬಾಣಂತಿ ಹಟ್ಟಿಯ ಆಚೆ ಇರಬೇಕು ಅನ್ನೋ ಕಟ್ಟು ಇವತ್ತಿಗೂ ಎಷ್ಟೋ ಕಡೆ ಇದೆ. ಎಷ್ಟು ದಿನ ಅನ್ನೋದು ಹಟ್ಟಿಯಿಂದ ಹಟ್ಟಿಗೆ ಬೇರೆ. 2023ರ ಜುಲೈನಲ್ಲಿ ತುಮಕೂರು ಹತ್ತಿರದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಆಚೆ ಗುಡಿಸಲಲ್ಲಿದ್ದ ಹಸುಗೂಸು ಮಳೆ, ಚಳಿಯಲ್ಲಿ ತೀರಿಕೊಂಡ ಸುದ್ದಿ ನೀವೂ ಓದಿರ್ತೀರಿ.

ಆಸ್ಪತ್ರೆಯಲ್ಲಿ ಹೆರಿಗೆ ಆದ್ಮೇಲೆ ಆಶಾ ಆರು ಸಲ ಮನೆಗೆ ಹೋಗಿ ಮಗುವನ್ನ ನೋಡ್ಬೇಕು: 3, 7, 14, 21, 28 ಮತ್ತು 42ನೇ ದಿನ. ತೂಕ, ಮೈಬಿಸಿ, ಹಾಲು ಕುಡಿಯೋದು ಎಲ್ಲಾ ಪರೀಕ್ಷೆ ಮಾಡ್ಬೇಕು. ಆದ್ರೆ ಆಶಾ ಕೂಡ ಹಟ್ಟಿಯವಳೇ ಅಲ್ವಾ? ಬಾಣಂತೀನ ಮುಟ್ಟಿದ್ರೆ ನಮ್ಮ ಹಟ್ಟಿಯಲ್ಲಿ ಆಕೆ ತಲೆ ಮೇಲೆ ನೀರು ಹುಯ್ಕೊಂಡೇ ಮನೆಯೊಳಗೆ ಕಾಲಿಡಬೇಕು. ನನ್ನನ್ನೇ ಕೇಳಿ. ವಾರ್ಡಲ್ಲಿ ಬಾಣಂತಿಯರಿಗೆ ಸ್ವಚ್ಛತೆ ಪಾಠ ಹೇಳಿ, ಸಂಜೆ ಊರಿಗೆ ಹೋಗಿ, ಮುಟ್ಟು ಅಂತ ಆಚೆ ಕೂತಿದೀನಿ. ಒಂದ್ಸಲ ಅಲ್ಲ, ಎಷ್ಟೋ ಸಲ.

ಮೂರು ವರ್ಷದ ಹಿಂದೆ, ಪುಷ್ಯದ ಚಳಿಯಲ್ಲಿ ನಮ್ಮ ದೊಡ್ಡಪ್ಪನ ಸೊಸೆಗೆ ಹೆರಿಗೆ ಆಯ್ತು. ಮಗು ಎರಡು ಕೆಜಿ ಚಿಲ್ಲರೆ. ಆಸ್ಪತ್ರೆಯಿಂದ ಸೀದಾ ಹಟ್ಟಿಯಾಚೆ ಗುಡಿಸಲಿಗೆ ಕರ್ಕೊಂಡು ಹೋಗಿದ್ರು. ಏಳನೇ ದಿನ ಆಶಾ ಅಕ್ಕ ಫೋನ್ ಮಾಡಿ, "ಮಗು ಸರಿಯಾಗಿ ಚೀಪ್ತಾ ಇಲ್ಲ ಕಣಮ್ಮ" ಅಂದ್ರು. ಹೋಗಿ ಕೈಯಿಟ್ಟು ನೋಡಿದೆ. ಪಾದ ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ರೆ ಮಗುವಿಗೆ ಚಳಿ ತಟ್ಟಿದೆ ಅಂತ. ಹೊಟ್ಟೆನೂ ತಣ್ಣಗಿದ್ರೆ ಅಪಾಯ. ಈ ಮಗುವಿನ ಹೊಟ್ಟೆನೂ ತಣ್ಣಗಾಗ್ತಾ ಇತ್ತು. ಬಟ್ಟೆ ಬಿಚ್ಚಿ ತಾಯಿಯ ಎದೆಗೆ ಮೈಗೆ ಮೈ ತಾಗೋ ಹಾಗೆ ಮಲಗಿಸಿ, ತಲೆಗೆ ಟೋಪಿ ಹಾಕಿ, ಮೇಲೆ ಕಂಬಳಿ ಹೊದಿಸಿ, 108ಕ್ಕೆ ಫೋನ್ ಮಾಡ್ದೆ. ಆಮೇಲೆ ದೊಡ್ಡಪ್ಪನ ಹತ್ರ ಹೋದೆ.

ಹೀಗೆ ಹೆಂಗಸರನ್ನ ಬಲವಂತವಾಗಿ ಆಚೆ ಇಡೋದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಅಪರಾಧ. 2020ರಿಂದ ಅದು ಜಾರಿಯಲ್ಲಿದೆ. ಅದು ನನಗೆ ಗೊತ್ತಿತ್ತು, ದೊಡ್ಡಪ್ಪನಿಗೂ ಗೊತ್ತಿತ್ತು. ಆದ್ರೆ ಆ ಹೊತ್ತಲ್ಲಿ ನನ್ನ ಬಾಯಿಗೆ ಬಂದದ್ದು ಬೇರೆ ಮಾತು.

"ದೊಡ್ಡಪ್ಪ, ಚಳಿಗಾಲದಲ್ಲಿ ಕುರಿ ಈದ್ರೆ ನೀನು ಮರೀನ ಬಯಲಲ್ಲಿ ಬಿಡ್ತೀಯಾ?"

ಅವರು ಸುಮ್ನಾದ್ರು. ನಾವು ಚಿಕ್ಕವರಿದ್ದಾಗ ಈದ ಮರೀನ ಕಂಬಳಿಯೊಳಗೆ ಎದೆಗವಚಿಕೊಂಡು ಬರ್ತಿದ್ದೋರು ಅವರೇ. ಸ್ವಲ್ಪ ಹೊತ್ತು ಬಿಟ್ಟು, "ಮೊದ್ಲು ಆಸ್ಪತ್ರೆಗೆ ಕರ್ಕಂಡೋಗವ್ವ, ಆಮೇಲೆ ಮಾತಾಡನ" ಅಂದ್ರು.

ಮಗು ಉಳೀತು. ಆಸ್ಪತ್ರೆಯಲ್ಲೂ ತಾಯಿಯ ಎದೆ ಮೇಲೇ ಇಟ್ಟು ನೋಡ್ಕೊಂಡ್ರು. ಇದಕ್ಕೆ ಕಾಂಗರೂ ಆರೈಕೆ ಅಂತಾರೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೇ ಇದ್ದಾಗ ಎಡ್ಗರ್ ರೇ ಅನ್ನೋ ವೈದ್ಯರು ಶುರು ಮಾಡಿದ್ದು. ಅವರ ಸಹೋದ್ಯೋಗಿ ಹೆಕ್ಟರ್ ಮಾರ್ಟಿನೆಜ್ ಮುಂದುವರಿಸಿದ್ರು. ಈಗ ಜಗತ್ತೆಲ್ಲಾ ಮಾಡ್ತಾರೆ. ಡಿಸ್ಚಾರ್ಜ್ ದಿನ ಇದನ್ನ ದೊಡ್ಡಪ್ಪನಿಗೆ ಹೇಳಿದೆ. "ಇದ್ರಲ್ಲೇನೈತೆ ಹೊಸದು?" ಅಂತ ನಕ್ಕುಬಿಟ್ರು.

ಏನು ಬದಲಾಯ್ತು?

ಪೂರ್ತಿ ಬದಲಾಗಿಲ್ಲ, ಸುಳ್ಳು ಹೇಳಲ್ಲ. ಈಗ ನಮ್ಮ ಹಟ್ಟಿಯ ಬಾಣಂತಿಯರು ಗುಡಿಸಲಲ್ಲಿ ಇರಲ್ಲ. ಬಾಗಿಲು, ಮಂಚ, ಕರೆಂಟ್ ಇರೋ ಒಂದು ಪಕ್ಕಾ ಕೋಣೆಯಲ್ಲಿ ಇರ್ತಾರೆ. ಆ ಕೋಣೆ ಇರೋದು ಹಟ್ಟಿಯ ಆಚೆಗೇ. ನನಗದು ಸಮಾಧಾನ ಅಲ್ಲ. ಆದ್ರೆ ಆಶಾ ಅಕ್ಕ ಈಗ ಆರಕ್ಕೆ ಆರೂ ಭೇಟಿ ಮಾಡ್ತಾರೆ, ಮಗುವನ್ನ ಕೈಯಲ್ಲೇ ಎತ್ಕೊಂಡು ತೂಕ ಹಾಕ್ತಾರೆ.

ನಾಯಕತ್ವ ಅಂದ್ರೆ ದೊಡ್ಡ ಕುರ್ಚಿ ಅಂತ ನಾನೂ ಅಂದ್ಕೊಂಡಿದ್ದೆ. ಆವತ್ತು ಯೂನಿಫಾರ್ಮ್ ನೋಡಿ ದೊಡ್ಡಪ್ಪ ಒಪ್ಪಲಿಲ್ಲ. ಮನೆ ಮಗಳು ಅಂತ ಮಾತು ಕೇಳಿಸ್ಕೊಂಡ್ರು, ಕುರಿಮರಿ ಅಂದಿದ್ದಕ್ಕೆ ಒಪ್ಪಿದ್ರು. ಆದ್ರೆ ಒಂದು ಮಾತು. ಒಳಗಿನವಳಾಗಿ ಹುಟ್ಟಿದ್ರಷ್ಟೇ ಸಾಲದು. ಅಷ್ಟು ವರ್ಷ ನಾನೂ ಒಳಗಿನವಳೇ ಆಗಿದ್ದೆ, ಬಾಯಿ ಬಿಟ್ಟಿರಲಿಲ್ಲ.

ನಿಮ್ಮ ಊರಲ್ಲಿ, ಹಟ್ಟಿಯಲ್ಲಿ, ತಾಂಡಾದಲ್ಲಿ ನರ್ಸಿಂಗ್ ಓದ್ತಿರೋ ತಂಗಿಯರು ಯಾರಾದ್ರೂ ಇದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ಮನೇಲಿ ಹಸುಗೂಸಿದ್ರೆ ಇವತ್ತು ರಾತ್ರಿ ಒಂದ್ಸಲ ಅದರ ಪಾದ, ಹೊಟ್ಟೆ ಮುಟ್ಟಿ ನೋಡಿ. ಮತ್ತೆ ಸಿಗೋಣ.